ಬೀಗ ಮೊದಲು, ಬುದ್ಧಿಮಾತು ಆಮೇಲೆ

ಒಂದು ಕೋಣೆ. ಅದರ ಗೋಡೆಯಲ್ಲೊಂದು ದೊಡ್ಡ ಕನ್ನಡಿ. ಒಳಗಿರುವವರಿಗೆ ಅದು ಕನ್ನಡಿ, ಆಚೆ ನಿಂತವರಿಗೆ ಕಿಟಕಿ. ಎಂಟರಿಂದ ಹನ್ನೆರಡು ವರ್ಷದ ಹುಡುಗರನ್ನು ಇಬ್ಬಿಬ್ಬರಾಗಿಯೋ ಮೂವರಾಗಿಯೋ ಒಳಗೆ ಬಿಟ್ಟು ಬಾಗಿಲು ಮುಚ್ಚುತ್ತಾರೆ. ಕೋಣೆಯ ಡ್ರಾಯರ್‌ಗಳಲ್ಲಿ ಎರಡು ನೀರಿನ ಪಿಸ್ತೂಲುಗಳಿವೆ. ಇನ್ನೊಂದು ಡ್ರಾಯರ್‌ನಲ್ಲಿ ನಿಜವಾದ ಪಿಸ್ತೂಲು. ಅದರಲ್ಲಿ ಗುಂಡಿಲ್ಲ. ಆದರೆ ಗುಂಡು ಹಾರುವಷ್ಟು ಬಲದಿಂದ ಯಾರಾದರೂ ಟ್ರಿಗರ್ ಎಳೆದರೆ ಹೊರಗೆ ದೀಪ ಹೊತ್ತುವ ಹಾಗೆ ಅದರೊಳಗೊಂದು ಚಿಕ್ಕ ಯಂತ್ರವನ್ನು ಕೂರಿಸಿದ್ದಾರೆ. ಇನ್ನು ಕಾಲು ಗಂಟೆ ಕಾದು ನೋಡುವುದಷ್ಟೇ ಕೆಲಸ.

ಅಮೆರಿಕದ ವೈದ್ಯರ ತಂಡವೊಂದು 2001ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ 64 ಹುಡುಗರ 29 ಗುಂಪುಗಳಿದ್ದವು. 21 ಗುಂಪುಗಳಿಗೆ ಪಿಸ್ತೂಲು ಸಿಕ್ಕಿತು. 16 ಗುಂಪುಗಳು ಅದನ್ನು ಕೈಗೆತ್ತಿಕೊಂಡವು. 10 ಗುಂಪುಗಳಲ್ಲಿ ಒಬ್ಬನಾದರೂ ಟ್ರಿಗರ್ ಎಳೆದೇಬಿಟ್ಟ. ಪಿಸ್ತೂಲು ಕಂಡ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಆಟಿಕೆ ಎಂದುಕೊಂಡಿದ್ದರು, ಇಲ್ಲವೇ ಆಟಿಕೆಯೋ ಅಸಲಿಯೋ ತಿಳಿಯದೆ ಇದ್ದರು.

ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೇನೋ ಎನಿಸಬಹುದು. ಹಾಗೇನಿಲ್ಲ. ಅದನ್ನು ಮುಟ್ಟಿದ ಹುಡುಗರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬಂದೂಕಿನ ಸುರಕ್ಷತೆಯ ಪಾಠ ಯಾವುದೋ ರೂಪದಲ್ಲಿ ಮೊದಲೇ ಆಗಿತ್ತು. ‘ನಮ್ಮ ಹುಡುಗನಿಗೆ ಬಂದೂಕಿನ ಕಡೆ ಅಂಥ ಆಸಕ್ತಿಯೇ ಇಲ್ಲ’ ಎಂದು ಹೆತ್ತವರು ಬರೆದುಕೊಟ್ಟಿದ್ದ ಹುಡುಗರೂ ಉಳಿದವರಷ್ಟೇ ಮುಟ್ಟಿದರು, ಅಷ್ಟೇ ಟ್ರಿಗರ್ ಎಳೆದರು.

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂಬ ಗಾದೆಯನ್ನು ನಾವು ಬೇರೆಲ್ಲ ವಿಷಯಗಳಲ್ಲಿ ನೆನೆಯುತ್ತೇವೆ. ಬಂದೂಕಿನ ವಿಷಯ ಬಂದಾಗ ಮಾತ್ರ ಒಂದು ಸಲ ಕೂರಿಸಿಕೊಂಡು ಹೇಳಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಮನೆಯಲ್ಲಿ ಬಂದೂಕೂ ಇದ್ದು ಮಕ್ಕಳೂ ಇದ್ದರೆ ಮೊದಲ ಕೆಲಸ ಮಗುವಿನ ತಲೆಯಲ್ಲಲ್ಲ, ದೊಡ್ಡವರ ಕೈಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಿಸುವುದು ಬೇಡವೆಂದಲ್ಲ. ಕಲಿಸಲೇಬೇಕು. ಆದರೆ ಅದು ಎರಡನೆಯ ಬೇಲಿ. ಮೊದಲ ಬೇಲಿಯೇ ಇಲ್ಲದಿದ್ದರೆ ಎರಡನೆಯದರ ಮೇಲೆ ಬೀಳುವ ಭಾರವನ್ನು ಐದು ವರ್ಷದ ಕೂಸು ಹೊರಬೇಕಾಗುತ್ತದೆ.

ಮೊದಲ ಬೇಲಿ

ಬಚ್ಚಿಡುವುದಕ್ಕೂ ಬೀಗ ಹಾಕುವುದಕ್ಕೂ ಇರುವ ವ್ಯತ್ಯಾಸ ಮನಸ್ಸಿಗೆ ನಾಟಬೇಕು. ಬೀರುವಿನ ಮೇಲ್ಗಡೆ, ಬಟ್ಟೆಯ ರಾಶಿಯ ಕೆಳಗೆ, ಹಾಸಿಗೆಯ ಅಡಿಯಲ್ಲಿ ಇಟ್ಟರೆ ಅದು ಬಚ್ಚಿಟ್ಟಂತೆ. ಮನೆಯ ಮೂಲೆಮೂಲೆಯೂ ಮಕ್ಕಳಿಗೆ ಗೊತ್ತು. ಹಬ್ಬಕ್ಕೆ ತಂದ ಉಡುಗೊರೆಯನ್ನು ಎಲ್ಲಿಟ್ಟರೂ ಹುಡುಕಿ ತೆಗೆಯುವವರು ಅವರೇ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದನ್ನು ಸೊಗಸಾಗಿ ಬಯಲಿಗೆಳೆಯಿತು. ಬಂದೂಕಿರುವ ಮನೆಗಳ ಹೆತ್ತವರನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೂರಿಸಿ ಅದೇ ಪ್ರಶ್ನೆಗಳನ್ನು ಕೇಳಿದರು. ‘ಬಂದೂಕು ಎಲ್ಲಿದೆಯೆಂದು ನಮ್ಮ ಮಗುವಿಗೆ ಗೊತ್ತಿಲ್ಲ’ ಎಂದ ಹೆತ್ತವರಲ್ಲಿ 39 ಶೇಕಡಾ ಮಂದಿಯ ಮಾತನ್ನು ಅವರ ಮಕ್ಕಳೇ ಸುಳ್ಳಾಗಿಸಿದರು. ಅವರಿಗೆ ಜಾಗ ಗೊತ್ತಿತ್ತು. ‘ನಮ್ಮ ಮಗು ಅದನ್ನು ಮುಟ್ಟಿಯೇ ಇಲ್ಲ’ ಎಂದವರಲ್ಲಿ 22 ಶೇಕಡಾ ಮಂದಿಯ ಮಕ್ಕಳು, ಮುಟ್ಟಿದ್ದೇವೆ ಎಂದರು. ಆ ಹೆತ್ತವರಾರೂ ಬೇಕೆಂದು ಸುಳ್ಳು ಹೇಳಿದವರಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

‘ಚಿಕ್ಕ ಮಗು, ಟ್ರಿಗರ್ ಎಳೆಯುವಷ್ಟು ಕಸುವು ಎಲ್ಲಿದೆ’ ಎನ್ನುವುದು ಇನ್ನೊಂದು ಸಮಾಧಾನ. 1995ರಲ್ಲಿ ಇದನ್ನೂ ಅಳೆದು ನೋಡಿದರು. ಎರಡೂ ಕೈಗಳ ತೋರುಬೆರಳು ಸೇರಿಸಿ ಸುಮಾರು ನಾಲ್ಕೂವರೆ ಕಿಲೋ ತೂಕದಷ್ಟು ಬಲ ಹಾಕಬಲ್ಲ ಮಕ್ಕಳು ಎಷ್ಟು? ಮೂರು-ನಾಲ್ಕು ವರ್ಷದವರಲ್ಲಿ 25 ಶೇಕಡಾ, ಐದಾರು ವರ್ಷದವರಲ್ಲಿ 70, ಏಳೆಂಟು ವರ್ಷದವರಲ್ಲಿ 90. ಮಾರುಕಟ್ಟೆಯಲ್ಲಿದ್ದ ಬಹುಪಾಲು ಕೈಬಂದೂಕುಗಳ ಟ್ರಿಗರ್‌ಗೆ ಅಷ್ಟು ಬಲ ಸಾಕು, ಕೆಲವಕ್ಕೆ ಅಷ್ಟೂ ಬೇಡ. ಒಂದು ಕೈಯಲ್ಲಿ ಹಿಡಿಯಲಾಗದ ಕೂಸು ಅದನ್ನು ತನ್ನ ಕಡೆಗೇ ತಿರುಗಿಸಿ ಎರಡು ಹೆಬ್ಬೆರಳಿನಿಂದ ಒತ್ತಬಲ್ಲದು. ಆಗ ನಳಿಗೆಯ ಬಾಯಿ ಯಾರ ಕಡೆಗಿರುತ್ತದೆ ಎಂದು ಯೋಚಿಸಿದರೆ ‘ಕಸುವು ಎಲ್ಲಿದೆ’ ಎಂಬ ಮಾತು ಮತ್ತೆ ಬಾಯಿಗೆ ಬರುವುದಿಲ್ಲ.

ಸರಿಯಾಗಿ ಇಡುವುದೆಂದರೆ ಏನು? ಮೂರೇ ಸಂಗತಿ: ಬಂದೂಕಿನಲ್ಲಿ ಗುಂಡು ಇರಬಾರದು, ಬಂದೂಕಿಗೆ ಬೀಗ ಬಿದ್ದಿರಬೇಕು, ಗುಂಡುಗಳು ಬೇರೆ ಕಡೆ, ಬೇರೆ ಬೀಗದಲ್ಲಿ ಇರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ. 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇವುಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಿತು. ಬೀಗ, ಖಾಲಿ ಬಂದೂಕು, ಗುಂಡಿಗೆ ಬೀಗ, ಗುಂಡು ಬೇರೆ ಜಾಗದಲ್ಲಿ ಎಂಬ ನಾಲ್ಕರಲ್ಲಿ ಯಾವೊಂದನ್ನು ಪಾಲಿಸಿದರೂ ಮಕ್ಕಳು ಮತ್ತು ಹದಿಹರೆಯದವರಿಗೆ ಬಂದೂಕಿನಿಂದ ಆಗುವ ಅಪಾಯ ಕಡಿಮೆಯಾಗಿರುವುದು ಕಂಡಿತು. ಅಂದರೆ ಇವತ್ತು ಒಂದನ್ನೇ ಮಾಡಲು ಸಾಧ್ಯವಿದ್ದರೂ ಮಾಡಿ. ಎಲ್ಲವೂ ಕೂಡಿ ಬರಲೆಂದು ಕಾಯಬೇಡಿ.

ಬೀಗಗಳಲ್ಲಿ ಬಗೆಗಳಿವೆ. ಅತಿ ಅಗ್ಗದ್ದು ಕೇಬಲ್ ಬೀಗ. ಉಕ್ಕಿನ ತಂತಿಯನ್ನು ಗುಂಡು ಕೂರುವ ದಾರಿಯಲ್ಲೇ ತೂರಿಸಿ ಬೀಗ ಹಾಕುತ್ತಾರೆ. ತಂತಿ ಅಡ್ಡವಿರುವಾಗ ಬಂದೂಕು ಪೂರ್ತಿ ಮುಚ್ಚಿಕೊಳ್ಳದು, ಗುಂಡು ಒಳಗೆ ಕೂರದು. ಟ್ರಿಗರ್ ಬೀಗ ಎಂದರೆ ಟ್ರಿಗರ್‌ನ ಎರಡೂ ಬದಿಯಿಂದ ಅದನ್ನು ಅಪ್ಪಿ ಹಿಡಿಯುವ ಎರಡು ತುಂಡು. ಗುಂಡು ತುಂಬಿದ ಬಂದೂಕಿಗೆ ಇದನ್ನು ಹಾಕಲೇಬಾರದು, ಏಕೆಂದರೆ ಹಾಕುವಾಗ ತೆಗೆಯುವಾಗ ಟ್ರಿಗರ್‌ಗೆ ತಗಲುವ ಸಂಭವವಿದೆ. ಇವೆರಡಕ್ಕಿಂತ ಮೇಲಿನದು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆ ಅಥವಾ ಕಪಾಟು. ಗಾಜಿನ ಬಾಗಿಲಿನ ಕಪಾಟಿನಲ್ಲಿ ಅಂದವಾಗಿ ಜೋಡಿಸಿಡುವುದನ್ನು ನಾನು ಇಡುವುದೆಂದು ಒಪ್ಪುವುದಿಲ್ಲ, ಅದು ಪ್ರದರ್ಶನ.

ಕೀಲಿಕೈಯ ಬಗ್ಗೆಯೂ ಒಂದು ಮಾತು. ಬೀಗಕ್ಕೆ ಹಣ ಸುರಿದು ಕೀಲಿಯನ್ನು ಪಕ್ಕದ ಮೊಳೆಗೆ ತೂಗುಹಾಕುವವರು ಕಡಿಮೆಯೇನಿಲ್ಲ. ಸಂಖ್ಯೆ ಒತ್ತುವ ಬೀಗ ಕೊಂಡವರು ಸುಲಭಕ್ಕೆ ನೆನಪಿರಲೆಂದು ಮಗುವಿನ ಹುಟ್ಟಿದ ತಾರೀಕನ್ನೇ ಇಡುತ್ತಾರೆ. ಆ ಸಂಖ್ಯೆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನೆನಪಿರುವುದು ಯಾರಿಗೆ?

‘ಕಳ್ಳ ಬಂದಾಗ ಬೀಗ ತೆಗೆಯುತ್ತ ಕೂರಲಾದೀತೇ’ ಎಂಬ ಆಕ್ಷೇಪವನ್ನು ತಳ್ಳಿಹಾಕಲು ಬಾರದು. ರಕ್ಷಣೆಗೆಂದೇ ಬಂದೂಕು ಇಟ್ಟುಕೊಂಡವರ ನಿಜವಾದ ಚಿಂತೆ ಅದು. ಅದಕ್ಕೆಂದೇ ಬೆರಳಚ್ಚಿನಿಂದಲೋ ನಾಲ್ಕಂಕಿಯಿಂದಲೋ ಕೆಲವೇ ಕ್ಷಣಗಳಲ್ಲಿ ತೆರೆಯುವ ಪುಟ್ಟ ಪೆಟ್ಟಿಗೆಗಳು ಬಂದಿವೆ. ಮಂಚದ ಪಕ್ಕಕ್ಕೆ ಬಿಗಿದಿಟ್ಟರೆ ದೊಡ್ಡವರ ಕೈಗೆ ದೂರವಲ್ಲ, ಮಗುವಿನ ಕೈಗೆ ಎಟುಕದು. ಕಳ್ಳ ಎಂದಾದರೊಂದು ರಾತ್ರಿ ಬರಬಹುದು, ಬಾರದೆಯೂ ಇರಬಹುದು. ಮಗು ದಿನವೂ ಆ ಕೋಣೆಯಲ್ಲಿ ಓಡಾಡುತ್ತದೆ.

ಖಾಲಿ ಎಂಬ ಭ್ರಮೆ

ಬಂದೂಕು ಖಾಲಿಯಿದೆ ಎಂದುಕೊಂಡು ನಡೆಯುವ ಅನಾಹುತಗಳ ಹಿಂದೆ ಬಹಳ ಸಲ ಒಂದೇ ತಾಂತ್ರಿಕ ತಪ್ಪು ಇರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಇಂದಿನ ಬಹುಪಾಲು ಪಿಸ್ತೂಲುಗಳಲ್ಲಿ ಗುಂಡುಗಳು ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಮೇಲಿನ ಲೋಹದ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆಳೆದು ಬಿಟ್ಟಾಗ ಮೇಲ್ತುದಿಯ ಗುಂಡು ಮುಂದೆ ಸರಿದು ನಳಿಗೆಯ ಬುಡದ ಗೂಡಿನಲ್ಲಿ, ಅಂದರೆ ಚೇಂಬರ್‌ನಲ್ಲಿ, ಕೂರುತ್ತದೆ. ಈಗ ಮ್ಯಾಗಜಿನ್ ಹೊರತೆಗೆದರೂ ಚೇಂಬರ್‌ನಲ್ಲಿ ಕೂತ ಆ ಒಂದು ಗುಂಡು ಅಲ್ಲೇ ಉಳಿಯುತ್ತದೆ. ಕೈಯಲ್ಲಿ ಮ್ಯಾಗಜಿನ್ ಹಿಡಿದವನು ‘ನೋಡು, ತೆಗೆದೆ, ಖಾಲಿ’ ಎನ್ನುತ್ತಾನೆ. ಪಿಸ್ತೂಲಿನಲ್ಲಿ ಇನ್ನೂ ಒಂದು ಗುಂಡಿದೆ. ಮ್ಯಾಗಜಿನ್ ಇಲ್ಲದಿದ್ದರೆ ಹಾರದಂತೆ ತಡೆಯುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ, ಅನೇಕವುಗಳಲ್ಲಿಲ್ಲ.

ಖಾಲಿ ಮಾಡುವ ಕ್ರಮವೂ ಮುಖ್ಯ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಚೇಂಬರ್‌ನ ಗುಂಡನ್ನು ಹೊರಕ್ಕೆ ಬೀಳಿಸಬೇಕು. ಹಿಂದುಮುಂದಾದರೆ, ಅಂದರೆ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ, ಒಂದು ಗುಂಡು ಹೊರಬಿದ್ದ ಜಾಗಕ್ಕೆ ಮ್ಯಾಗಜಿನ್‌ನಿಂದ ಇನ್ನೊಂದು ಬಂದು ಕೂತಿರುತ್ತದೆ. ಹೊರಬಿದ್ದ ಗುಂಡನ್ನು ಕಣ್ಣಾರೆ ನೋಡಿದ ಮನುಷ್ಯನಿಗೆ ಅನುಮಾನವೇ ಬರುವುದಿಲ್ಲ. ಆದ್ದರಿಂದಲೇ ಅನುಭವಿಗಳು ಸ್ಲೈಡನ್ನು ತೆರೆದೇ ಹಿಡಿದು ಚೇಂಬರನ್ನು ಕಣ್ಣಿನಿಂದ ನೋಡುತ್ತಾರೆ, ಬೆರಳಿಟ್ಟು ಮುಟ್ಟಿ ನೋಡುತ್ತಾರೆ, ಆಮೇಲೆ ಇನ್ನೊಮ್ಮೆ ನೋಡುತ್ತಾರೆ. ರಿವಾಲ್ವರ್‌ನಲ್ಲಿ ಇಷ್ಟು ಗೋಜಲಿಲ್ಲ. ತಿರುಗುವ ಉರುಳೆಯನ್ನು ಹೊರಕ್ಕೆ ಸರಿಸಿದರೆ ಎಲ್ಲ ತೂತುಗಳೂ ಒಟ್ಟಿಗೆ ಕಾಣುತ್ತವೆ. ನಡುವೆ ಮಡಚಿ ತೆರೆಯುವ ಜೋಡುನಳಿಗೆ ಕೋವಿಯದೂ ಹಾಗೆಯೇ.

ದೊಡ್ಡವರ ಇನ್ನೊಂದು ದುರ್ಬಲ ಗಳಿಗೆ ಕೆಲಸದ ನಡುವೆ ಎದ್ದು ಹೋಗುವುದು. ಬಂದೂಕನ್ನು ಒರೆಸಿ ಎಣ್ಣೆ ಹಚ್ಚುತ್ತ ಕೂತಿದ್ದೀರಿ. ಫೋನ್ ಬರುತ್ತದೆ. ಒಂದೇ ನಿಮಿಷ ಎಂದು ಎದ್ದು ಹೋಗುತ್ತೀರಿ. ಮಾತು ಬೆಳೆಯುತ್ತದೆ. ಬಂದೂಕು ಮೇಜಿನ ಮೇಲೆ, ಬಟ್ಟೆಯ ತುಂಡಿನ ಪಕ್ಕ. ಬೀಗದಲ್ಲಿಡುವ ಅಭ್ಯಾಸ ಎಷ್ಟೇ ಗಟ್ಟಿಯಿದ್ದರೂ ಅದು ಮುರಿಯುವುದು ಇಂಥ ಕಡೆ. ಕೈಚೀಲದಲ್ಲಿಟ್ಟು ಕುರ್ಚಿಯ ಮೇಲೆ ಎಸೆಯುವುದು, ಕಾರಿನ ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಬಿಟ್ಟು ಮರೆಯುವುದು ಇವೂ ಅದೇ ಜಾತಿಯವು. ನಿಯಮ ಒಂದೇ: ಬಂದೂಕು ನಿಮ್ಮ ಕೈಯಲ್ಲಿಲ್ಲ ಎಂದರೆ ಬೀಗದಲ್ಲಿದೆ. ಮೂರನೆಯ ಜಾಗವಿಲ್ಲ.

ಎರಡನೆಯ ಬೇಲಿ

ಈಗ ಕಲಿಸುವ ಮಾತಿಗೆ ಬರೋಣ. ಪುಟ್ಟ ಮಕ್ಕಳಿಗೆ ಹೇಳಿಕೊಡುವ ಪಾಠ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ನಿಲ್ಲು, ಮುಟ್ಟಬೇಡ, ಅಲ್ಲಿಂದ ಓಡು, ದೊಡ್ಡವರಿಗೆ ಹೇಳು. ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘ 1988ರಲ್ಲಿ ಹದ್ದಿನ ವೇಷದ ಎಡ್ಡಿ ಎಂಬ ಪಾತ್ರದ ಮೂಲಕ ಇದನ್ನು ಶಾಲೆಗಳಿಗೆ ಒಯ್ದಿತು. ಪಾಠದಲ್ಲಿ ತಪ್ಪಿಲ್ಲ, ನಾಲ್ಕೂ ಹೆಜ್ಜೆ ಸರಿಯೇ. ಕಲಿಸುವ ವಿಧಾನದಲ್ಲಿ ತೊಡಕಿದೆ.

2004ರಲ್ಲಿ ಮನಶ್ಶಾಸ್ತ್ರಜ್ಞರ ತಂಡವೊಂದು ಆರೇಳು ವರ್ಷದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿತು. ಚಿತ್ರ, ಮಾತುಗಳಿಂದ ಕಲಿತ ಮಕ್ಕಳನ್ನು ‘ಬಂದೂಕು ಕಂಡರೆ ಏನು ಮಾಡುತ್ತೀಯ’ ಎಂದು ಕೇಳಿದರೆ ಮಂತ್ರದ ಹಾಗೆ ಒಪ್ಪಿಸಿದವು. ಅದೇ ಮಕ್ಕಳು ಒಬ್ಬರೇ ಇರುವಾಗ, ಗುಂಡು ಹಾರಿಸಲಾಗದಂತೆ ಮಾಡಿದ ಬಂದೂಕೊಂದು ಎದುರು ಬಿದ್ದಿದ್ದರೆ, ಬಾಯಿಪಾಠ ಕೈಗೆ ಇಳಿದಿರಲಿಲ್ಲ. ಮಾಡಿ ತೋರಿಸಿ, ಮಗುವಿನಿಂದ ಮತ್ತೆ ಮತ್ತೆ ಮಾಡಿಸಿ, ಸರಿಯಾದಾಗ ಮೆಚ್ಚಿ, ತಪ್ಪಿದಾಗ ತಿದ್ದಿದ ಗುಂಪಿನ ಮಕ್ಕಳು ಹೆಚ್ಚು ಚೆನ್ನಾಗಿ ನಡೆದುಕೊಂಡವು. ಅಷ್ಟರಲ್ಲೂ ತಪ್ಪಿದವರಿಗೆ ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ ಮಾಡಿಸಿದ ಅಭ್ಯಾಸ ಕೆಲಸಕ್ಕೆ ಬಂತು.

ಈಜು ಕಲಿತವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ದಡದಲ್ಲಿ ಕೂತು ಕೈಕಾಲು ಹೇಗೆ ಆಡಿಸಬೇಕೆಂದು ವಿವರಿಸಬಲ್ಲವನು ಈಜುಗಾರನಲ್ಲ.

ಮನೆಯಲ್ಲಿ ಇದನ್ನು ಮಾಡುವುದು ಹೀಗೆ. ನಿಜವಾದ ಬಂದೂಕು ಬೇಡ. ಅಸಲಿಯಂತೆ ಕಾಣುವ ಪ್ಲಾಸ್ಟಿಕ್ ನಮೂನೆ ಸಾಕು. ಕುರ್ಚಿಯ ಮೇಲೆ ಇಡಿ. ಮೊದಲು ನೀವೇ ಮಗುವಾಗಿ: ಕೋಣೆಗೆ ಬನ್ನಿ, ಕಾಣುತ್ತಲೇ ನಿಲ್ಲಿ, ಕೈ ಹಿಂದಕ್ಕೆ ಎಳೆದುಕೊಳ್ಳಿ, ಹಿಂದಿರುಗಿ ಹೊರಗೆ ಹೋಗಿ, ‘ಅಮ್ಮಾ, ಅಲ್ಲೊಂದು ಬಂದೂಕಿದೆ’ ಎಂದು ಗಟ್ಟಿಯಾಗಿ ಹೇಳಿ. ಆಮೇಲೆ ಮಗುವಿನ ಸರದಿ. ಐದಾರು ಸಲ ಆಗಲಿ. ಕೆಲವು ದಿನಗಳ ಬಳಿಕ, ಹೇಳದೆ ಕೇಳದೆ, ಅದೇ ನಮೂನೆಯನ್ನು ಬೇರೊಂದು ಕೋಣೆಯಲ್ಲಿ ಇಟ್ಟು ಮರೆಯಿಂದ ನೋಡಿ. ಬಂದು ಹೇಳಿದರೆ ಕೆಲಸ ಬಿಟ್ಟು ಎದ್ದು ಹೋಗಿ, ಮಗುವಿನ ಮಾತಿಗೆ ಬೆಲೆಯಿದೆ ಎಂಬುದು ಕಾಣಬೇಕು. ಮುಟ್ಟಿದರೆ ‘ಸಿಕ್ಕಿಬಿದ್ದೆ’ ಎಂದು ನಗಬೇಡಿ, ಬೈಯಲೂ ಬೇಡಿ. ಅಲ್ಲೇ ನಿಂತು ಸರಿಯಾದದ್ದನ್ನು ಮತ್ತೆ ನಾಲ್ಕು ಸಲ ಮಾಡಿಸಿ. ಇದು ಹಿಡಿಯುವ ಬಲೆಯಾದರೆ ಮಗು ಬಲೆಯಿಂದ ತಪ್ಪಿಸಿಕೊಳ್ಳುವುದನ್ನಷ್ಟೇ ಕಲಿಯುತ್ತದೆ.

ಬರೀ ನೋಡಿ ಕಲಿಯುವುದರಿಂದ ಪ್ರಯೋಜನವೇ ಇಲ್ಲವೆಂದು ತೀರ್ಮಾನಿಸುವುದೂ ಅವಸರವಾದೀತು. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ 226 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಬಂದೂಕಿನ ಸುರಕ್ಷತೆಯ ಒಂದು ನಿಮಿಷದ ವಿಡಿಯೊ ತೋರಿಸಿದರು. ಒಂದು ವಾರದ ಬಳಿಕ ಪ್ರಯೋಗಾಲಯದ ಕೋಣೆಯಲ್ಲಿ ಬಂದೂಕು ಸಿಕ್ಕಾಗ, ವಿಡಿಯೊ ನೋಡಿದವರಲ್ಲಿ ಸುಮಾರು 34 ಶೇಕಡಾ ಮಂದಿ ದೊಡ್ಡವರಿಗೆ ಹೇಳಿದರು. ನೋಡದವರಲ್ಲಿ ಸುಮಾರು 11. ಮುಟ್ಟಿದವರು 39 ಮತ್ತು 67 ಶೇಕಡಾ. ಒಂದು ನಿಮಿಷಕ್ಕೆ ಇದು ದೊಡ್ಡ ಲಾಭವೇ. ಆದರೆ ಪಾಠ ಕೇಳಿದ ಮೇಲೂ 39 ಶೇಕಡಾ ಮಕ್ಕಳು ಮುಟ್ಟಿದರು. ನಾನು ಬೀಗದ ಮಾತನ್ನು ಮೊದಲು ಆಡಿದ್ದು ಈ ಅಂಕಿಯ ಕಾರಣಕ್ಕೆ.

ನಾಲ್ಕು ಹೆಜ್ಜೆಗಳಲ್ಲಿ ದೊಡ್ಡವರು ಹಗುರವಾಗಿ ಕಾಣುವುದು ‘ಅಲ್ಲಿಂದ ಹೋಗು’ ಎಂಬುದನ್ನು. ನಮ್ಮ ಮಗು ಮುಟ್ಟದಿರಬಹುದು. ಜೊತೆಗಿರುವ ಗೆಳೆಯ ಮುಟ್ಟಬಹುದು. ನೋಡುತ್ತ ನಿಂತವನಿಗೂ ಗುಂಡು ತಗಲುತ್ತದೆ. ಆದ್ದರಿಂದ ಗೆಳೆಯನ ಕೈಯಿಂದ ಕಿತ್ತುಕೊಳ್ಳಲು ಹೋಗಬಾರದು, ಅವನಿಗೆ ತಿಳಿಹೇಳುತ್ತಲೂ ನಿಲ್ಲಬಾರದು; ಅಲ್ಲಿಂದ ಹೊರಡಬೇಕು. ಆಟಿಕೆ ಎಂದು ಅನ್ನಿಸಿದರೂ ಇದೇ ನಿಯಮ. ತಾನೇ ತಂದು ಆಡುತ್ತಿದ್ದ ಆಟಿಕೆಯಲ್ಲದಿದ್ದರೆ ಬಂದೂಕಿನಂತೆ ಕಾಣುವುದೆಲ್ಲ ನಿಜವಾದ ಬಂದೂಕೇ. ಅಸಲಿ ಬಂದೂಕಿಗೂ ಬಣ್ಣ ಬಳಿದಿರುವುದುಂಟು, ಆಟಿಕೆಯೂ ಅಸಲಿಯನ್ನು ಮೀರಿಸುವಂತೆ ಬರುವುದುಂಟು. ಗುರುತಿಸುವ ಹೊಣೆಯನ್ನು ಮಗುವಿಗೆ ಒಪ್ಪಿಸಲೇಬಾರದು.

ಚಾಡಿಯೋ ಸುದ್ದಿಯೋ

ನಾಲ್ಕನೆಯ ಹೆಜ್ಜೆ, ‘ದೊಡ್ಡವರಿಗೆ ಹೇಳು’, ನನ್ನ ಮಟ್ಟಿಗೆ ಇಡೀ ವಿಷಯದ ಗಂಟು. ಇದನ್ನು ಬಂದೂಕಿನ ಪಾಠದ ದಿನ ಕಲಿಸಲು ಆಗುವುದಿಲ್ಲ. ಅದು ಮನೆಯಲ್ಲಿ ಲೋಟ ಒಡೆದ ದಿನ ಕಲಿಸಿ ಮುಗಿದಿರುತ್ತದೆ.

ಲೋಟ ಒಡೆದ ಮಗು ಬಂದು ಹೇಳುತ್ತದೆ. ನಾವು ಏನು ಮಾಡುತ್ತೇವೆ? ಮೊದಲು ಗದರುತ್ತೇವೆ, ಆಮೇಲೆ ಕಾಲಿಗೆ ಚೂರು ಚುಚ್ಚಿತೇ ಎಂದು ನೋಡುತ್ತೇವೆ. ಮುಂದಿನ ಸಲ ಮಗು ಚೂರುಗಳನ್ನು ಸೋಫಾದ ಕೆಳಗೆ ತಳ್ಳುತ್ತದೆ. ತಪ್ಪು ಮಾಡಿದ ಮೇಲೆ ಬಂದು ಹೇಳುವುದು ನಷ್ಟದ ವ್ಯವಹಾರ ಎಂದು ಅದಕ್ಕೆ ಅರ್ಥವಾಗಿದೆ. ಇಂಥ ಮಗು ಚಿಕ್ಕಪ್ಪನ ಕೋಣೆಯ ಡ್ರಾಯರ್‌ನಲ್ಲಿ ಪಿಸ್ತೂಲು ಕಂಡರೆ ಹೇಳೀತೇ? ಹೇಳಿದರೆ ಮೊದಲ ಪ್ರಶ್ನೆಯೇ ‘ಡ್ರಾಯರ್ ಯಾಕೆ ತೆಗೆದೆ’ ಎಂದಿರುತ್ತದೆ ಎಂಬುದು ಅದಕ್ಕೆ ಗೊತ್ತು.

ಇನ್ನೊಂದು ಕಡೆಯಿಂದಲೂ ನಾವು ಬಾಯಿ ಕಟ್ಟುತ್ತೇವೆ. ಅಣ್ಣನ ಮೇಲೆ, ಗೆಳೆಯನ ಮೇಲೆ ದೂರು ತಂದಾಗ ‘ಚಾಡಿ ಹೇಳಬೇಡ’ ಎನ್ನುತ್ತೇವೆ. ಚಾಡಿ ಕೆಟ್ಟದ್ದು, ನಿಜ. ಆದರೆ ಚಾಡಿಗೂ ಸುದ್ದಿಗೂ ನಡುವಿನ ಗೆರೆಯನ್ನು ಎಳೆದು ತೋರಿಸಿದವರು ಎಷ್ಟು ಮಂದಿ? ಆರು ವರ್ಷದ ಮಗುವಿಗೂ ಅರ್ಥವಾಗುವಂತೆ ಹೇಳಬಹುದು: ಇನ್ನೊಬ್ಬನಿಗೆ ಬೈಗುಳ ಬೀಳಲಿ ಎಂದು ಹೇಳಿದರೆ ಚಾಡಿ, ಯಾರಿಗೂ ಪೆಟ್ಟಾಗದಿರಲಿ ಎಂದು ಹೇಳಿದರೆ ಸುದ್ದಿ. ಸುದ್ದಿ ತಂದವರಿಗೆ ಈ ಮನೆಯಲ್ಲಿ ಬೈಗುಳವಿಲ್ಲ. ಹೀಗೆ ಹೇಳಿದ ಮೇಲೆ ಮಾತು ಉಳಿಸಿಕೊಳ್ಳುವುದು ದೊಡ್ಡವರಿಗೆ ಬಿದ್ದದ್ದು, ಅದೇ ಕಷ್ಟ.

ಜವಾಬ್ದಾರಿ ಎಂಬ ದೊಡ್ಡ ಮಾತು ಮನೆಯಲ್ಲಿ ಹುಟ್ಟುವುದೂ ಇಂಥ ಚಿಕ್ಕ ಸಂಗತಿಗಳಿಂದ. ವಿಧೇಯತೆ ಬೇರೆ, ಜವಾಬ್ದಾರಿ ಬೇರೆ. ಯಾರಾದರೂ ನೋಡುತ್ತಿರುವಾಗ ನಿಯಮ ಪಾಲಿಸುವುದು ವಿಧೇಯತೆ. ಆ ಕನ್ನಡಿಯ ಕೋಣೆಯಲ್ಲಿ ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಅದು ಕರಗಿಹೋಯಿತು. ನಿಜವಾದ ಕೆಲಸ, ನಿಜವಾದ ವಸ್ತು ಕೈಗೆ ಬಂದಾಗಲೇ ಮಗುವಿಗೆ ಹೊಣೆ ಎಂದರೇನೆಂದು ತಿಳಿಯುತ್ತದೆ. ಆರಕ್ಕೆ ಗಿಡಕ್ಕೆ ನೀರು, ಎಂಟಕ್ಕೆ ಎದುರು ಕೂರಿಸಿಕೊಂಡು ಚಾಕುವಿನಿಂದ ಹಣ್ಣು ಹೆಚ್ಚುವುದು, ಹತ್ತಕ್ಕೆ ಬೆಂಕಿಪೊಟ್ಟಣ, ಇನ್ನೂ ದೊಡ್ಡವರಾದ ಮೇಲೆ ಮನೆಯ ಕೀಲಿಕೈ. ವಯಸ್ಸು ಅಂದಾಜಿಗೆ ಹೇಳಿದ್ದು; ಮಗುವನ್ನು ನೋಡಿ ಕೊಡಬೇಕು. ಚಾಕು ಬಳಸಿ ತೊಳೆದು ಒರೆಸಿ ಅದರ ಜಾಗದಲ್ಲಿ ಇಡುವ ತನಕ ಕೆಲಸ ಮುಗಿದಿಲ್ಲ ಎಂಬ ಅಭ್ಯಾಸ ಬಂದಿದ್ದರೆ ಅಪಾಯದ ವಸ್ತುವಿನ ಜೊತೆ ಬದುಕುವ ಅರ್ಧ ವಿದ್ಯೆ ಬಂದಂತೆ.

ಗುರಿ ಕಲಿಯುವ ಮಕ್ಕಳು

ಕ್ರೀಡೆಗೆಂದು ಗುರಿ ಕಲಿಯುವ ಹದಿಹರೆಯದವರಿಗೆ ಮುಟ್ಟಬೇಡ ಎಂಬ ಪಾಠ ಸಾಲದು. ಅವರಿಗೆ ಕಲಿಸುವ ನಾಲ್ಕು ನಿಯಮಗಳನ್ನು ಈ ರೂಪದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ನೌಕಾ ಪದಾತಿ ದಳದ ಅಧಿಕಾರಿಯಾಗಿದ್ದ ಜೆಫ್ ಕೂಪರ್. ಎಲ್ಲ ಬಂದೂಕುಗಳಲ್ಲೂ ಸದಾ ಗುಂಡು ಇದ್ದೇ ಇದೆ. ನಾಶವಾದರೂ ಸರಿ ಎನ್ನುವ ವಸ್ತುವಿನ ಹೊರತು ಬೇರಾವುದರತ್ತಲೂ ನಳಿಗೆಯ ಬಾಯಿ ಹಾಯಬಾರದು. ಗುರಿಗೆ ಕಣ್ಣು ನೆಟ್ಟ ಹೊರತು ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು.

ಇವುಗಳ ಜಾಣತನ ಇರುವುದು ಒಂದರ ಬೆನ್ನಿಗೆ ಇನ್ನೊಂದು ನಿಂತಿರುವುದರಲ್ಲಿ. ಬೆರಳು ತಪ್ಪಿ ಟ್ರಿಗರ್ ಎಳೆದರೂ ನಳಿಗೆ ನೆಲದ ಕಡೆಗಿದ್ದರೆ ಜೀವ ಹೋಗದು. ಮೊದಲ ನಿಯಮವನ್ನು ಅಕ್ಷರಶಃ ತೆಗೆದುಕೊಂಡು ವಾದಿಸುವ ಮಕ್ಕಳಿರುತ್ತಾರೆ: ‘ಈಗ ತಾನೇ ನೋಡಿದೆವಲ್ಲ, ಖಾಲಿಯಿದೆ.’ ಆ ನಿಯಮ ಬಂದೂಕಿನ ಕುರಿತದ್ದಲ್ಲ, ನಮ್ಮ ನೆನಪಿನ ಕುರಿತದ್ದು ಎಂದು ಹೇಳಿದರೆ ಅವರಿಗೆ ತಿಳಿಯುತ್ತದೆ. ಗಾಳಿಯ ಒತ್ತಡದಿಂದ ಹಾರುವ ಏರ್‌ಗನ್ ಕೂಡ ಆಟಿಕೆಯಲ್ಲ. ಅದರ 4.5 ಮಿಲಿಮೀಟರ್ ಗುಂಡು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಚೆನ್ನಾಗಿ ಗುರಿಯಿಡಲು ಕಲಿತ ಮಗನಿಗೋ ಮಗಳಿಗೋ ಕಪಾಟಿನ ಕೀಲಿಯನ್ನೂ ಕೊಡಬಹುದು ಎಂದುಕೊಳ್ಳುವುದು ತಪ್ಪು ಲೆಕ್ಕ. ಕೌಶಲವಿರುವುದು ಬೇರೆ, ಸಿಟ್ಟು ಬಂದ ರಾತ್ರಿ ಕೈಗೆ ಸಿಗುವಂತಿರುವುದು ಬೇರೆ. ಇಲ್ಲಿ ಹೇಳಲು ಹಿಂಜರಿಕೆಯಾಗುವ, ಆದರೆ ಬಿಡಲಾಗದ ಮಾತೊಂದಿದೆ. ಹದಿಹರೆಯದವರು ಬಂದೂಕಿನಿಂದ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ಪ್ರಕರಣಗಳಲ್ಲಿ ಹೆಚ್ಚಿನವು ಮನೆಯದೇ ಬಂದೂಕಿನವು. ಆ ವಯಸ್ಸಿನಲ್ಲಿ ದುಃಖದ ಅಲೆ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿಯುವುದೂ ಉಂಟು. ಆ ಹೊತ್ತು ದಾಟಿಸುವುದು ಮುಖ್ಯ. ಮಗು ಮಂಕಾಗಿದ್ದರೆ, ಯಾರೊಂದಿಗೂ ಸೇರದಿದ್ದರೆ, ಪ್ರೀತಿಯಲ್ಲೋ ಪರೀಕ್ಷೆಯಲ್ಲೋ ಪೆಟ್ಟು ತಿಂದಿದ್ದರೆ, ಕಾನೂನು ಅನುಮತಿಸುವ ಬಗೆಯಲ್ಲಿ ಬಂದೂಕನ್ನು ಕೆಲವು ಕಾಲ ಮನೆಯಿಂದಲೇ ಆಚೆಗೆ ಸಾಗಿಸಿ. ಅದರ ಜೊತೆಗೇ ಮಗುವಿನ ಪಕ್ಕ ಕೂತು ನೇರವಾಗಿ ಕೇಳಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಭಯ ಬೇಡ.

ಕಾನೂನೂ ನಿಧಾನವಾಗಿ ಬೊಟ್ಟು ಮಾಡುವ ದಿಕ್ಕನ್ನು ಬದಲಿಸಿದೆ. ಮಗುವಿನ ಕೈಗೆ ಸಿಗುವಂತೆ ಬಂದೂಕು ಬಿಟ್ಟ ದೊಡ್ಡವರನ್ನೇ ಹೊಣೆ ಮಾಡುವ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದು ಫ್ಲಾರಿಡಾ ರಾಜ್ಯ, 1989ರಲ್ಲಿ. ಆಮೇಲೆ ಹಲವು ರಾಜ್ಯಗಳು ಅದೇ ಹಾದಿ ಹಿಡಿದವು.

ಇನ್ನೊಬ್ಬರ ಮನೆ

ನಿಮ್ಮ ಮನೆಯಲ್ಲಿ ಬಂದೂಕೇ ಇಲ್ಲದಿದ್ದರೂ ಮಗು ಆಡಲು ಹೋಗುವ ಮನೆಯಲ್ಲಿ ಇರಬಹುದು. ಅಲ್ಲಿಯ ಬೀಗ ನಿಮ್ಮ ಕೈಯಲ್ಲಿಲ್ಲ, ಕೇಳುವುದೊಂದೇ ಕೈಯಲ್ಲಿರುವುದು. 2000ದಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಒಂದು ಆಂದೋಲನ ಶುರುವಾಯಿತು, ಮಕ್ಕಳು ಇನ್ನೊಬ್ಬರ ಮನೆಗೆ ಆಡಲು ಹೋಗುವ ಮೊದಲು ಹೆತ್ತವರು ಒಂದು ಪ್ರಶ್ನೆ ಕೇಳಲಿ ಎಂದು. ಮಕ್ಕಳ ವೈದ್ಯರ ಅಕಾಡೆಮಿಯೂ ಅದಕ್ಕೆ ಜೊತೆಯಾಯಿತು.

ಕೇಳಲು ಸಂಕೋಚವಾಗುತ್ತದೆ, ನಿಜ. ಗೆಳೆತನ ಕೆಟ್ಟೀತೇ, ಅನುಮಾನಿಸಿದರು ಎಂದುಕೊಂಡಾರೇ ಎಂಬ ಅಳುಕು. ಬೇರೆ ಪ್ರಶ್ನೆಗಳ ನಡುವೆ ಇದನ್ನೂ ಸೇರಿಸಿದರೆ ಹಗುರವಾಗುತ್ತದೆ. ‘ಇವಳಿಗೆ ಕಡಲೆಕಾಯಿ ಆಗುವುದಿಲ್ಲ, ಕೊಡಬೇಡಿ. ನಾಯಿಯನ್ನು ಕಟ್ಟಿರುತ್ತೀರಾ? ಮನೆಯಲ್ಲಿ ಬಂದೂಕೇನಾದರೂ ಇದೆಯೇ, ಇದ್ದರೆ ಬೀಗದಲ್ಲಿರುತ್ತದೆಯೇ?’ ಇಷ್ಟೇ. ಇದೆ, ಬೀಗದಲ್ಲಿದೆ ಎಂದವರು ಬೇಸರಿಸಿಕೊಳ್ಳುವುದಿಲ್ಲ, ಕಪಾಟನ್ನೇ ತೋರಿಸುವವರೂ ಇರುತ್ತಾರೆ. ತಡವರಿಸಿದರೆ, ‘ಎಲ್ಲೋ ಮೇಲಿದೆ, ಮಕ್ಕಳಿಗೆ ಗೊತ್ತಿಲ್ಲ ಬಿಡಿ’ ಎಂದರೆ, ಮಕ್ಕಳು ನಮ್ಮ ಮನೆಯಲ್ಲೇ ಆಡಲಿ, ನಿಮ್ಮವನನ್ನೂ ಕಳಿಸಿಕೊಡಿ ಎಂದು ಹೇಳಿ ಫೋನ್ ಇಡಬಹುದು.